ಎನ್ವಿಡಿಯಾ 5 ಟ್ರಿಲಿಯನ್ ಅಂತಾರಲ್ಲ, ಅಷ್ಟು ದುಡ್ಡು ಇರೋದಾದ್ರೂ ಎಲ್ಲಿ?

ಬಿಕಾಂ_ಲಾಸ್ಟ್‌ಬೆಂಚ್

ಎಲ್ರಿಗೂ ನಮಸ್ಕಾರ. ಶೇರು ಮಾರ್ಕೆಟ್ ವಿಷಯದಲ್ಲಿ ನಾನು ಅಷ್ಟಕ್ಕಷ್ಟೆ, ಒಂದು ಎಸ್‌ಐಪಿ (ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ದುಡ್ಡು ಹಾಕೋದು) ಓಡ್ತಿದೆ, ಅದು ಬಿಟ್ರೆ ಏನಿಲ್ಲ, ದಡ್ಡ ಪ್ರಶ್ನೆ ಅನ್ಸಿದ್ರೆ ಬೈಬೇಡಿ. ನಮ್ಮ ಆಫೀಸ್ ಗ್ರೂಪಲ್ಲಿ ಒಂದು ಫಾರ್ವರ್ಡ್ ಸುತ್ತಾಡ್ತಿದೆ. ಎಐ ಚಿಪ್ ಮಾಡೋ ಎನ್ವಿಡಿಯಾ ಅನ್ನೋ ಒಂದೇ ಕಂಪನಿ 2025ರ ಅಕ್ಟೋಬರಲ್ಲಿ 5 ಟ್ರಿಲಿಯನ್ ಡಾಲರ್ ಮುಟ್ಟಿತು, ಅಂದ್ರೆ 5 ಲಕ್ಷ ಕೋಟಿ ಡಾಲರ್, ಇಡೀ ಭಾರತದ ಜಿಡಿಪಿನೇ 4 ಟ್ರಿಲಿಯನ್ ಆಸುಪಾಸು, ಹಂಗಾಗಿ ಆ ಕಂಪನಿ ಮನಸ್ಸು ಮಾಡಿದ್ರೆ ನಮ್ಮ ದೇಶನೇ ಕೊಂಡ್ಕೋಬಹುದು ಅಂತ ಬರ್ದವ್ರೆ. ನಂಗೆ ತಲೆ ಕೆಡ್ತಿರೋದು ಏನಂದ್ರೆ ಅಷ್ಟು ದುಡ್ಡು ಇರೋದಾದ್ರೂ ಎಲ್ಲಿ, ಬ್ಯಾಂಕಲ್ಲಾ? ಇದೇ ಕಂಪನಿ 2025ರ ಜನವರಿಯಲ್ಲಿ ಡೀಪ್‌ಸೀಕ್ ಅನ್ನೋ ಚೀನಾ ಎಐ ಗಲಾಟೆ ಟೈಮಲ್ಲಿ ಒಂದೇ ದಿನಕ್ಕೆ 59 ಸಾವಿರ ಕೋಟಿ ಡಾಲರ್ ಕಳ್ಕೊಂಡಿತು ಅಂತ ನ್ಯೂಸ್ ಬಂದಿತ್ತಲ್ಲ, ಕಳ್ಕೊಂಡ್ರೆ ಯಾರಿಗೋ ಸಿಕ್ಕಿರ್ಬೇಕಲ್ವಾ, ಯಾರಿಗೆ ಸಿಕ್ತು? ಇನ್ನೊಂದು, ಕೆಲವು ಪಟ್ಟಿಯಲ್ಲಿ ವಾಲ್‌ಮಾರ್ಟ್ ನಂಬರ್ ಒನ್ ಅಂತಿರುತ್ತೆ, ಕೆಲವಲ್ಲಿ ಅದು ಮೊದಲ ಐದರಲ್ಲೂ ಇರಲ್ಲ. ಯಾವುದು ನಿಜ?

ಜಯನಗರ_4ನೇ_ಬ್ಲಾಕ್

ಬಾಸ್, ಆ ದುಡ್ಡು ಎಲ್ಲೂ ಇಲ್ಲ. ಬ್ಯಾಂಕಲ್ಲೂ ಇಲ್ಲ, ಎನ್ವಿಡಿಯಾ ಹತ್ರ ಅಂತೂ ಇಲ್ವೇ ಇಲ್ಲ. ಆ 5 ಟ್ರಿಲಿಯನ್ ಅನ್ನೋದು ಕಂಪನಿಯ ಮಾರ್ಕೆಟ್ ಕ್ಯಾಪ್, ಅದು ಬರೀ ಒಂದು ಗುಣಾಕಾರ, ಕಂಪನಿಯ ಒಟ್ಟು ಶೇರು ಎಷ್ಟಿದೆ, ಕೊನೇ ಸಲ ಒಂದು ಶೇರು ಎಷ್ಟಕ್ಕೆ ಮಾರಾಟ ಆಯ್ತು, ಎರಡನ್ನೂ ಗುಣಿಸಿ ಅಷ್ಟೆ. ಎನ್ವಿಡಿಯಾದ್ದು ಸುಮಾರು 2,430 ಕೋಟಿ ಶೇರು ಇದೆ, ಆ ಅಕ್ಟೋಬರ್ 29ಕ್ಕೆ ಒಂದಕ್ಕೆ 207 ಡಾಲರ್ ಹತ್ರ ಇತ್ತು, ಗುಣಿಸಿ ನೋಡಿ 5 ಟ್ರಿಲಿಯನ್ ಬರುತ್ತೆ. ಆದ್ರೆ ಮಾಮೂಲಿ ದಿನದಲ್ಲಿ ಅದರಲ್ಲಿ ನಿಜವಾಗಿ ಕೈ ಬದಲಾಗೋದು ನೂರಕ್ಕೆ ಒಂದು ಶೇರು, ಸ್ವಲ್ಪ ಹೆಚ್ಚುಕಮ್ಮಿ. ಮಿಕ್ಕ 99 ಶೇರಿನವರು ಆರಾಮಾಗಿ ಮನೇಲಿ ಮಲ್ಕೊಂಡಿರ್ತಾರೆ, ಆದ್ರೂ ಆ ಒಂದು ಶೇರಿನ ರೇಟನ್ನೇ ಅವರ ತಲೆ ಮೇಲೂ ಕಟ್ಟಿಬಿಡ್ತಾರೆ.

ಸೈಟ್ ಲೆಕ್ಕದಲ್ಲಿ ಹೇಳ್ತೀನಿ ನೋಡಿ. ನಿಮ್ಮ ರೋಡಲ್ಲಿ 40 ಸೈಟ್ ಇದೆ ಅಂದ್ಕೊಳ್ಳಿ, ಮೂಲೆ ಸೈಟನ್ನ ಯಾರೋ ಒಂದು ಕೋಟಿಗೆ ತಗೊಂಡ್ರು, ಸಂಜೆ ಹೊತ್ತಿಗೆ ರೋಡಿನವರೆಲ್ಲ ಇದು 40 ಕೋಟಿ ರೋಡು ಅಂತ ಎದೆ ಉಬ್ಬಿಸ್ತಾರೆ, ಕೈ ಬದಲಾಗಿರೋದು ಮಾತ್ರ ಒಂದೇ ಕೋಟಿ. ಮುಂದಿನ ತಿಂಗಳು ಇನ್ಯಾರೋ ಮಗಳ ಮದುವೆ ಅರ್ಜೆಂಟಿಗೆ 80 ಲಕ್ಷಕ್ಕೆ ಕೊಟ್ಬಿಟ್ರು ಅನ್ನಿ, ಈಗ ರೋಡಿಗೆ 8 ಕೋಟಿ ಲಾಸ್. ಆ 8 ಕೋಟಿನ ಯಾರೂ ಹೊತ್ಕೊಂಡು ಹೋಗಿಲ್ಲ.

ಜನವರಿ 27ಕ್ಕೆ ಆಗಿದ್ದೂ ಅದೇ. ಶುಕ್ರವಾರ 142 ಡಾಲರ್ ಇದ್ದ ಶೇರು ಸೋಮವಾರ 118ಕ್ಕೆ ನಿಂತಿತು, ಶೇರಿಗೆ 24 ಡಾಲರ್ ಇಳಿದಿದ್ದನ್ನ ಅಷ್ಟೂ ಶೇರಿಗೆ ಗುಣಿಸಿ 59 ಸಾವಿರ ಕೋಟಿ ಡಾಲರ್ ಮಾಯ ಅಂತ ಹೆಡ್‌ಲೈನ್ ಹಾಕಿದ್ರು. ಹಾಂ, ಶುಕ್ರವಾರ 142ಕ್ಕೆ ಮಾರಿದವನ ಜೇಬಿಗೆ ನಿಜವಾದ ದುಡ್ಡೇ ಬಂತು, ಆದ್ರೆ ಅದು ಅವತ್ತು ಕೊಂಡವನ ಜೇಬಿಂದ ಬಂದಿದ್ದು. ಕಂಪನಿಗೆ ಬಂದೂ ಇಲ್ಲ ಹೋಗೂ ಇಲ್ಲ.

ಧಾರವಾಡ_ಸಾಧನಕೇರಿ

ಜಿಡಿಪಿ ಜೋಡಿ ಹೋಲಸೂದು ಮೊದಲ ಬಿಡ್ರೀಪಾ. ಜಿಡಿಪಿ ಅಂದ್ರ ಒಂದ್ ವರ್ಷದಾಗ ದೇಶದಾಗ ಎಷ್ಟ್ ಸರಕು, ಎಷ್ಟ್ ಸೇವಾ ತಯಾರಾತು ಅನ್ನೂ ಲೆಕ್ಕ, ಬರೂ ವರ್ಷ ಮತ್ತ ಅಷ್ಟು ತಯಾರಾಗತೈತಿ. ಮಾರ್ಕೆಟ್ ಕ್ಯಾಪ್ ಅಂದ್ರ ಮುಂದ ಎಷ್ಟೋ ವರ್ಷ ಬರೂ ಲಾಭಾನೆಲ್ಲಾ ಅಂದಾಜು ಮಾಡಿ ಮಂದಿ ಇವತ್ತ ಕಟ್ಟಿದ ಬೆಲಿ. ಒಂದು ವರ್ಷದ ದುಡಿಮಿ, ಇನ್ನೊಂದು ಆಸ್ತಿ ಕಿಮ್ಮತ್ತು, ಇವೆರಡನ್ನೂ ಒಂದ ತಕ್ಕಡಿಯಾಗ ಹೆಂಗ ತೂಗತೀರಿ? ಹೋಲಸೂದ ಆದ್ರ ಎನ್ವಿಡಿಯಾದ ವರ್ಷದ ವ್ಯಾಪಾರ ನೋಡ್ರಿ. 2025 ಜನವರಿಗೆ ಮುಗದ ವರ್ಷದಾಗ 13,050 ಕೋಟಿ ಡಾಲರ್. ನಮ್ಮ ಜಿಡಿಪಿಗೆ ನೂರಕ್ಕ ಮೂರು ಚಿಲ್ಲರ ಆತು, ಅದೂ ಖರೇ ಹೋಲಿಕಿ ಅಲ್ಲ, ಆದ್ರೂ ಫಾರ್ವರ್ಡ್ ಮಾಡಿದಾಂವಗ ಸುಮ್ಮನಾಗ್ಲಿಕ್ಕೆ ಸಾಕು.

ವಾಲ್‌ಮಾರ್ಟ್ ವಿಷಯಕ್ಕ ಬಂದ್ರ, ಅದು ನಂಬರ್ ಒನ್ ಇದ್ದದ್ದು ವ್ಯಾಪಾರದ ಪಟ್ಟಿಯಾಗ, ಫಾರ್ಚೂನ್ ಪತ್ರಿಕಾದವ್ರು ವರ್ಷಾ ಹಾಕ್ತಾರಲ್ಲ, ಅದರ 2025ರ ಪಟ್ಟಿ. ಅದೇ ವರ್ಷ 68 ಸಾವಿರ ಕೋಟಿ ಡಾಲರ್ ವಹಿವಾಟು, 21 ಲಕ್ಷ ಮಂದಿಗೆ ಕೆಲಸ, ಎಲ್ಲಾ ಖರ್ಚು ಕಳದು ಕೈಗೆ ಉಳದಿದ್ದು 2 ಸಾವಿರ ಕೋಟಿಗೂ ಕಡಿಮಿ. ಎನ್ವಿಡಿಯಾ 36 ಸಾವಿರ ಮಂದಿ ಇಟ್ಕೊಂಡು 7,290 ಕೋಟಿ ಡಾಲರ್ ಲಾಭ ತಗೀತು. ಮಾರ್ಕೆಟ್‌ನಾಗ ರೊಕ್ಕ ಹಾಕಾವ ನೋಡೂದು ಎಷ್ಟ್ ಮಾರಿದ್ರಿ ಅಂತಲ್ಲ, ಎಷ್ಟ್ ಉಳಸಿದ್ರಿ, ಮುಂದ ಎಷ್ಟ್ ಉಳಸ್ತೀರಿ ಅಂತ. ಹಂಗಾಗಿ ಎರಡೂ ಪಟ್ಟಿ ಖರೇನ ಅದಾವ, ಕೇಳೂ ಪ್ರಶ್ನಿ ಬ್ಯಾರೆ ಬ್ಯಾರೆ.

ಕುಡ್ಲದ_ಬ್ಯಾಂಕ್_ಮಾಣಿ

ಎಲ್ಲರೂ ಜಗತ್ತಿನ ಮೊದಲ 1 ಟ್ರಿಲಿಯನ್ ಕಂಪನಿ ಆ್ಯಪಲ್ ಅಂತಾರೆ, 2018 ಆಗಸ್ಟ್. ಅದಕ್ಕೂ ಸುಮಾರು 11 ವರ್ಷ ಮೊದಲೇ ಪೆಟ್ರೋಚೈನಾ ಆ ಗೆರೆ ದಾಟಿತ್ತು ಮಾರಾಯ್ರೆ, ಆ ಕಥೆ ಗೊತ್ತಾದ್ರೆ ಜಯನಗರದವರು ಹೇಳಿದ ಗುಣಾಕಾರದ ಗಮ್ಮತ್ತು ಪೂರ್ತಿ ಅರ್ಥ ಆಗ್ತದೆ.

ಪೆಟ್ರೋಚೈನಾ ಚೀನಾ ಸರ್ಕಾರದ ಎಣ್ಣೆ ಕಂಪನಿ, 2000ದಿಂದಲೇ ಹಾಂಗ್‌ಕಾಂಗಿನಲ್ಲಿ ಲಿಸ್ಟ್ ಆಗಿತ್ತು. 2007ರಲ್ಲಿ ಶಾಂಘೈಯಲ್ಲೂ ಐಪಿಓ (ಜನರಿಗೆ ಮೊದಲ ಸಲ ಶೇರು ಮಾರುವುದು) ತಂದ್ರು, ಶೇರಿಗೆ 16.7 ಯುವಾನ್. ಹೊರಗೆ ಬಿಟ್ಟದ್ದು ಬರೀ 400 ಕೋಟಿ ಶೇರು, ಕಂಪನಿಯ ಒಟ್ಟು ಶೇರು 18,300 ಕೋಟಿ, ಅಂದ್ರೆ ನೂರಕ್ಕೆ ಎರಡು ಚಿಲ್ಲರೆ. ಆ ಟೈಮಲ್ಲಿ ಚೀನಾದ ಜನಕ್ಕೆ ಶೇರಿನ ಹುಚ್ಚು, ಹಾಂಗ್‌ಕಾಂಗಲ್ಲಿ ಹೋಗಿ ಕೊಳ್ಳುವುದಕ್ಕೆ ಸಾಮಾನ್ಯರಿಗೆ ದಾರಿ ಇಲ್ಲ, ಎಲ್ಲರೂ ಈ ಚೂರಿಗೇ ಮುಗಿಬಿದ್ರು. ನವೆಂಬರ್ 5ಕ್ಕೆ ಮೊದಲ ದಿನವೇ 43.96ಕ್ಕೆ ಹೋಗಿ ನಿಂತಿತು. ಈಗ ಆ 43.96ನ್ನು ಅಷ್ಟೂ 18,300 ಕೋಟಿ ಶೇರಿಗೆ ಗುಣಿಸಿದ್ರು, ಸರ್ಕಾರದ ಕೈಯಲ್ಲಿ ಇರುವ, ಯಾವತ್ತೂ ಮಾರಾಟಕ್ಕೇ ಬಾರದ ಶೇರು ಸಮೇತ. ಬಂತಲ್ಲ, 1 ಟ್ರಿಲಿಯನ್ ಡಾಲರ್! ಅಮೆರಿಕದ ಎಣ್ಣೆ ಕಂಪನಿ ಎಕ್ಸಾನ್‌ಮೊಬಿಲ್‌ಗಿಂತ ದುಪ್ಪಟ್ಟು ದೊಡ್ಡದು ಅಂತ ಆಯ್ತು, ಲಾಭ ನೋಡಿದ್ರೆ ಎಕ್ಸಾನಿನದ್ದೇ ಜಾಸ್ತಿ ಇತ್ತು.

ತಮಾಷೆ ಅಂದ್ರೆ ಅದೇ ದಿನ, ಅದೇ ಕಂಪನಿಯ ಶೇರು ಹಾಂಗ್‌ಕಾಂಗಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗ್ತಾ ಇತ್ತು. ಆ ರೇಟ್ ಹಾಕಿ ಗುಣಿಸಿದ್ರೆ ಅರ್ಧ ಟ್ರಿಲಿಯನ್ನೂ ಬರ್ತಿರಲಿಲ್ಲ. ಒಂದೇ ಬಾವಿ, ಒಂದೇ ಎಣ್ಣೆ, ಎರಡು ಲೆಕ್ಕ. ಅಮೆರಿಕದ ದೊಡ್ಡ ಹೂಡಿಕೆದಾರ ವಾರೆನ್ ಬಫೆಟ್ ತಮ್ಮ ಹತ್ರ ಇದ್ದ ಪೆಟ್ರೋಚೈನಾ ಶೇರುಗಳನ್ನು ಆ ವರ್ಷವೇ ಪೂರ್ತಿ ಮಾರಿ ಹೊರಗೆ ಬಂದಿದ್ರು, 49 ಕೋಟಿ ಡಾಲರಿಗೆ ತಗೊಂಡದ್ದು 400 ಕೋಟಿಗೆ. ಶಾಂಘೈಯಲ್ಲಿ 43, 44ಕ್ಕೆ ಕೊಂಡವರು? ಮರುವರ್ಷವೇ ಅದು ಇಶ್ಯೂ ಬೆಲೆ 16.7ಕ್ಕಿಂತ ಕೆಳಗೆ ಬಿತ್ತು.

ಬಿಕಾಂ_ಲಾಸ್ಟ್‌ಬೆಂಚ್

ಅಬ್ಬಾ, ಥ್ಯಾಂಕ್ಸ್ ಎಲ್ರಿಗೂ. ಹಂಗಾದ್ರೆ ಸೌದಿ ಸರ್ಕಾರದ ಎಣ್ಣೆ ಕಂಪನಿ ಅರಾಮ್ಕೋ ಕಥೆನೂ ಇದೇನಾ? ಅದೂ ಮೇಲೆ ಮೇಲೆನೇ ಇರುತ್ತಲ್ಲ ಪಟ್ಟಿಯಲ್ಲಿ.

ಮಲೆನಾಡ_ಮಳೆ

ಅರಾಮ್ಕೋ ಅರ್ಧ ಹಾಗೆ, ಅರ್ಧ ಹಾಗಲ್ಲ. 2019 ಡಿಸೆಂಬರಲ್ಲಿ ರಿಯಾದ್‌ನ ತದಾವುಲ್ ಎಕ್ಸ್‌ಚೇಂಜಲ್ಲಿ ಲಿಸ್ಟ್ ಮಾಡಿದಾಗ ಬಿಟ್ಟಿದ್ದು ಬರೀ ಶೇಕಡಾ 1.5, ಅಷ್ಟಕ್ಕೇ 2,560 ಕೋಟಿ ಡಾಲರ್ ಬಂತು. ಸೌದಿ ಯುವರಾಜರಿಗೆ 2 ಟ್ರಿಲಿಯನ್ ಅನ್ನೋ ನಂಬರ್ ಮೇಲೆ ಬಹಳ ಆಸೆ ಇತ್ತು, ಲಿಸ್ಟ್ ಆದ ಎರಡನೇ ದಿನ ಅದನ್ನೂ ಮುಟ್ಟಿಸಿದ್ರು. ಇವತ್ತಿಗೂ ಶೇಕಡಾ 97ಕ್ಕೂ ಹೆಚ್ಚು ಸರ್ಕಾರ ಮತ್ತೆ ಅವರ ಫಂಡ್ ಕೈಯಲ್ಲೇ ಇದೆ, ಹಾಗಾಗಿ ಮಾರುಕಟ್ಟೆಯಲ್ಲಿ ಆಡೋದು ಸಣ್ಣ ಚೂರು. ಆದ್ರೆ ಪೆಟ್ರೋಚೈನಾ ಥರ ಬರೀ ಗಾಳಿ ಅನ್ನೋ ಹಾಗಿಲ್ಲ, 2022ರಲ್ಲಿ ಅರಾಮ್ಕೋ ಒಂದೇ ವರ್ಷ 16 ಸಾವಿರ ಕೋಟಿ ಡಾಲರ್ ಲಾಭ ಮಾಡಿದೆ, ಆ ವರ್ಷ ಮೇನಲ್ಲಿ ಆ್ಯಪಲ್‌ನ ಹಿಂದೆ ಹಾಕಿ ಸ್ವಲ್ಪ ದಿನ ನಂಬರ್ ಒನ್ನೂ ಆಗಿತ್ತು.

ನಮ್ಮಲ್ಲೂ ಎಲ್‌ಐಸಿ ನೋಡಿ, 2022 ಮೇನಲ್ಲಿ ಲಿಸ್ಟ್ ಆದಾಗ ಸರ್ಕಾರ ಮಾರಿದ್ದು ಶೇಕಡಾ 3.5 ಮಾತ್ರ. ಈ ತೊಂದರೆಗೇ ಫ್ರೀ ಫ್ಲೋಟ್ ಅಂತ ಇನ್ನೊಂದು ಲೆಕ್ಕ ಇರೋದು, ಪ್ರಮೋಟರ್ (ಕಂಪನಿ ಕಟ್ಟಿದ ಮಾಲೀಕರು), ಸರ್ಕಾರ ಇವರ ಶೇರು ಬಿಟ್ಟು ನಿಜವಾಗಿ ಕೊಡು ಕೊಳ್ಳು ನಡೆಯೋ ಶೇರಿಗೆ ಮಾತ್ರ ಗುಣಿಸೋದು. ಸೆನ್ಸೆಕ್ಸ್ 2003ರ ಸೆಪ್ಟೆಂಬರಿಂದ ಹಾಗೇ ಲೆಕ್ಕ ಹಾಕ್ತಿದೆ, ನಿಫ್ಟಿ 2009ರಿಂದ. ಜಗತ್ತಿನ ದೊಡ್ಡ ಕಂಪನಿ ಅಂತ ಸುತ್ತಾಡೋ ಪಟ್ಟಿಗಳು ಮಾತ್ರ ಪೂರ್ತಿ ಶೇರೇ ಹಿಡಿತವೆ, ದೊಡ್ಡ ನಂಬರ್ ಇದ್ರೆ ತಾನೇ ಜನ ಶೇರ್ ಮಾಡೋದು.

ಬಡ್ಡಿಗೆ_ಬೈ

ಒಟ್ನಲ್ಲಿ ಎಲ್ಲಾ ಬೊಗಳೆ ಅನ್ನಿ. ಎಫ್‌ಡಿ ಇಟ್ಕೊಂಡು ನೆಮ್ಮದಿಯಾಗಿರೋದು ಬಿಟ್ಟು.

ಜಯನಗರ_4ನೇ_ಬ್ಲಾಕ್

@ಬಡ್ಡಿಗೆ_ಬೈ ಅಲ್ಲ ಗುರು, ಬೊಗಳೆ ಅಂತ ಯಾರು ಹೇಳಿದ್ರು? ನಗದು ಅಲ್ಲ ಅಂದೆ, ಬೆಲೆನೇ ಇಲ್ಲ ಅನ್ಲಿಲ್ಲ. ಆ ಲೆಕ್ಕ ಹಿಡ್ಕೊಂಡು ನಿಜವಾದ ಆಸ್ತಿ ಕೊಳ್ಳೋಕಾಗುತ್ತೆ, ಅದೇ ಅದರ ಮಜಾ, ಅದೇ ಅದರ ಅಪಾಯ. 2000ದ ಜನವರಿಯಲ್ಲಿ ಎಒಎಲ್ ಅಂತ ಇಂಟರ್ನೆಟ್ ಕಂಪನಿ ಟೈಮ್ ವಾರ್ನರ್‌ನ ಕೊಂಡ್ಕೊಳ್ತೀನಿ ಅಂತು. ಟೈಮ್ ವಾರ್ನರ್ ಅಂದ್ರೆ ಸಿಎನ್‌ಎನ್, ಸಿನಿಮಾ ಸ್ಟುಡಿಯೋ, ಮ್ಯಾಗಜಿನ್, ಕೇಬಲ್ ಎಲ್ಲಾ ಇದ್ದ ಭಾರೀ ಕುಳ, ವ್ಯಾಪಾರದಲ್ಲಿ ಎಒಎಲ್‌ಗಿಂತ ಎಷ್ಟೋ ದೊಡ್ಡದು. ಆದ್ರೆ ಎಒಎಲ್ ಶೇರು ಆಕಾಶದಲ್ಲಿತ್ತಲ್ಲ, ಒಂದು ಡಾಲರ್ ನಗದು ಕೊಡದೆ ಬರೀ ಶೇರು ಕೊಟ್ಟೇ ಅಷ್ಟನ್ನೂ ಹೊಡ್ಕೊಂಡ್ರು. ಆಮೇಲೆ ಇಂಟರ್ನೆಟ್ ಶೇರುಗಳ ಗುಳ್ಳೆ ಒಡೀತು, 2002ಕ್ಕೆ ಜೋಡಿ ಕಂಪನಿ ತೋರಿಸಿದ ನಷ್ಟ ಸುಮಾರು 9,900 ಕೋಟಿ ಡಾಲರ್. ಟೈಮ್ ವಾರ್ನರ್ ಶೇರು ಇಟ್ಕೊಂಡಿದ್ದವರು ಗಟ್ಟಿ ಆಸ್ತಿ ಕೊಟ್ಟು ಗುಳ್ಳೆ ತಗೊಂಡಂಗಾಯ್ತು.

ಇನ್ನು ನೀವು ಪ್ರಶ್ನೆ ಕೇಳಿದವರು, ನಿಮ್ಮ ಎಸ್‌ಐಪಿ ಯಾವುದಾದ್ರೂ ಅಮೆರಿಕದ ಇಂಡೆಕ್ಸ್ ಫಂಡಲ್ಲಿದ್ರೆ ಈ ಪಟ್ಟಿ ನೇರವಾಗಿ ನಿಮ್ಮ ದುಡ್ಡಿನ ವಿಷಯನೇ. ಮಾರ್ಕೆಟ್ ಕ್ಯಾಪ್ ಜಾಸ್ತಿ ಇರೋ ಕಂಪನಿಗೆ ನಿಮ್ಮ ನೂರು ರೂಪಾಯಲ್ಲಿ ಜಾಸ್ತಿ ಪಾಲು ಹೋಗುತ್ತೆ. ಬೆಂಗಳೂರಲ್ಲಿ ಈ ಕಂಪನಿಗಳ ಆರ್‌ಎಸ್‌ಯು (ಸಂಬಳದ ಜೊತೆ ಕೊಡೋ ಶೇರು) ಇಟ್ಕೊಂಡು ಹೋಮ್ ಲೋನ್ ಪ್ಲಾನ್ ಮಾಡಿರೋರು ಎಷ್ಟು ಜನ ಇದ್ದಾರೆ ಗೊತ್ತಾ, ಅವರಿಗೆ ಜನವರಿ 27 ಬೊಗಳೆ ಅನ್ನಿಸಿರಲ್ಲ.

ಕುಡ್ಲದ_ಬ್ಯಾಂಕ್_ಮಾಣಿ

ಪಟ್ಟಿಯ ತಲೆಯಲ್ಲಿ ಇದ್ದವರು ಅಲ್ಲೇ ಉಳೀತಾರೆ ಅಂತ ಕೂಡ ಇಲ್ಲ ಮಾರಾಯ್ರೆ. 1989ರ ಕೊನೆಗೆ ಮೊದಲ ಹತ್ತರಲ್ಲಿ ಹೆಚ್ಚಿನವು ಜಪಾನಿನವು, ಮೇಲೆ ಎನ್‌ಟಿಟಿ ಟೆಲಿಫೋನ್ ಕಂಪನಿ, ಅದರ ಹಿಂದೆ ಅಲ್ಲಿನ ಬ್ಯಾಂಕುಗಳ ಸಾಲು. ಅವತ್ತಿನ ನಿಕ್ಕೈ (ಜಪಾನಿನ ಶೇರು ಸೂಚ್ಯಂಕ) 38,915, ಅದನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಆಮೇಲೆ ಅಮೆರಿಕದ ಜಿಇ (ಜನರಲ್ ಎಲೆಕ್ಟ್ರಿಕ್), ಎಕ್ಸಾನ್ ಬಂದ್ರು, 2011ರಲ್ಲಿ ಎಕ್ಸಾನನ್ನು ಆ್ಯಪಲ್ ಹಿಂದೆ ಹಾಕಿತು. ಜಿಇ ಅಂತೂ ಈಗ ಮೂರು ಹೋಳಾಗಿದೆ.

ನನಗೆ ಎನ್ವಿಡಿಯಾ ಅಂದಾಗೆಲ್ಲ ನೆನಪಾಗುವುದು ಸಿಸ್ಕೋ. 2000ದ ಮಾರ್ಚಲ್ಲಿ ಮೈಕ್ರೋಸಾಫ್ಟನ್ನೂ ಮೀರಿ ಜಗತ್ತಿನ ನಂಬರ್ ಒನ್, 55 ಸಾವಿರ ಕೋಟಿ ಡಾಲರ್. ಇಂಟರ್ನೆಟ್ ಬೆಳೀತದೆ, ಅದಕ್ಕೆ ರೌಟರ್ ಬೇಕು, ರೌಟರ್ ಸಿಸ್ಕೋದ್ದೇ ಅಂತ ಜನರ ಲೆಕ್ಕ. ಲೆಕ್ಕ ಸುಳ್ಳಾಗಲಿಲ್ಲ, ಇಂಟರ್ನೆಟ್ ಬೆಳೀತು, ಸಿಸ್ಕೋ ವ್ಯಾಪಾರವೂ ದುಪ್ಪಟ್ಟಿಗಿಂತ ಹೆಚ್ಚು ಬೆಳೀತು. ಶೇರು ಮಾತ್ರ 80 ಡಾಲರಿಂದ 2002ರಲ್ಲಿ 10ಕ್ಕಿಂತ ಕೆಳಗೆ ಹೋಯ್ತು, ಆ 80ನ್ನು ಮತ್ತೆ ನೋಡ್ಲಿಕ್ಕೆ 25 ವರ್ಷಕ್ಕೂ ಹೆಚ್ಚು ಬೇಕಾಯ್ತು. ಎನ್ವಿಡಿಯಾಕ್ಕೂ ಹಾಗೇ ಆಗ್ತದೆ ಅಂತ ನಾನು ಹೇಳುವುದಿಲ್ಲ, ಇವರ ಲಾಭ ಅವತ್ತಿನ ಸಿಸ್ಕೋಗಿಂತ ಎಷ್ಟೋ ಗಟ್ಟಿ ಉಂಟು. ಆದ್ರೆ ಒಳ್ಳೆ ಕಂಪನಿ ಬೇರೆ, ಅದಕ್ಕೆ ಕೊಡುವ ರೇಟ್ ಬೇರೆ.

ಬಿಕಾಂ_ಲಾಸ್ಟ್‌ಬೆಂಚ್

ಸೂಪರ್. ಕೊನೇದಾಗಿ ಒಂದು, ನಮ್ಮ ದೇಶದ್ದು ಯಾವುದೂ ಮೇಲೆ ಕಾಣಲ್ವಲ್ಲ? ನಮ್ಮ ಮಾವ ಒಬ್ರು ಎಂಆರ್‌ಎಫ್‌ದು ಒಂದೇ ಶೇರಿಗೆ ಒಂದು ಲಕ್ಷ ರೂಪಾಯಿ, ಭಾರತದ ದೊಡ್ಡ ಕಂಪನಿ ಅದೇ ಅಂತ ವಾದ ಮಾಡ್ತಾರೆ.

ಧಾರವಾಡ_ಸಾಧನಕೇರಿ

ನಿಮ್ಮ ಮಾವಾರಿಗೆ ನಮಸ್ಕಾರ ಹೇಳ್ರಿ. ಎಂಆರ್‌ಎಫ್ ಶೇರು 2023 ಜೂನ್‌ದಾಗ ಲಕ್ಷ ದಾಟಿದ್ದು ಖರೆ, ಆದ್ರ ಅವರ ಹಂತೇಕ ಇರೂ ಶೇರ ಒಟ್ಟ 42 ಲಕ್ಷ, ಗುಣಸಿದ್ರ 42 ಸಾವಿರ ಕೋಟಿ ರೂಪಾಯಿ. ರಿಲಯನ್ಸ್ ಶೇರು ಸಾವಿರದ ಲೆಕ್ಕದಾಗ ಓಡ್ಯಾಡತೈತಿ, ಶೇರಿನ ಸಂಖ್ಯಾ 1,350 ಕೋಟಿ, ಅದು 2024 ಫೆಬ್ರವರಿಯಾಗ 20 ಲಕ್ಷ ಕೋಟಿ ರೂಪಾಯಿ ದಾಟ್ತು. ಡಾಲರ್‌ನಾಗ 24 ಸಾವಿರ ಕೋಟಿ, ಎನ್ವಿಡಿಯಾದ 5 ಲಕ್ಷ ಕೋಟಿ ಮುಂದ ಇಪ್ಪತ್ತನೇ ಒಂದು ಪಾಲು, ಹಂಗಾಗಿ ಮೊದಲ ಇಪ್ಪತ್ತರಾಗ ನಮ್ಮವು ಯಾವೂ ಇಲ್ಲ. ಇನ್ನ ಒಂದ ಶೇರಿನ ರೇಟ್ ಮ್ಯಾಲೆ ದೊಡ್ಡದು ಅನ್ನೂದಾದ್ರ ಬಫೆಟ್ ಅವರ ಬರ್ಕ್‌ಶೈರ್ ಕಂಪನಿಯ ಎ ಶೇರು 2025ರಾಗ ಒಂದಕ್ಕ 7 ಲಕ್ಷ ಡಾಲರ್ ದಾಟಿತ್ತು, ಮಾವಾರಿಗೆ ಅದನ್ನೂ ಹೇಳಿಬಿಡ್ರಿ, ವಾದಕ್ಕ ಅನುಕೂಲ ಆಗತೈತಿ 😀