ಸಹಾಯ ಬೇಕು: ಟೆಂಟ್ ಹಾಕಲು ಚಂದ್ರಂಪಳ್ಳಿಯೋ, ಕಾರಂಜಾವೋ?

ಎಲ್ಲರಿಗೂ ಶರಣು. ನಾವು ಕಲಬುರಗಿಯವರು. ಡಿಸೆಂಬರ್‌ನಲ್ಲಿ ಮನೆಮಂದಿಯೆಲ್ಲ ಸೇರಿ ನೀರಿನ ದಂಡೆಯಲ್ಲಿ ಒಂದು ರಾತ್ರಿ ಕಳೆಯಬೇಕು ಅಂತ ಆಸೆ. ಮಕ್ಕಳಿಗೆ ಟೆಂಟ್ ಇದೆ. ಅವ್ವನಿಗೆ ಮೊಣಕಾಲು ನೋವು, ನೆಲದ ಮೇಲೆ ಮಲಗಲು ಆಗಲ್ಲ. ಅದಕ್ಕೇ ಒಳಗೆ ಹಾಸಿಗೆ ಇರುವ ಕ್ಯಾಂಪರ್ ವ್ಯಾನ್ ಬಾಡಿಗೆಗೆ ತರುವ ಯೋಚನೆ.

ಮೊದಲು ಮನಸ್ಸಲ್ಲಿದ್ದದ್ದು ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯ. ಸುತ್ತ ಗುಡ್ಡ, ಕಾಡು, ಎಷ್ಟು ಚಂದ ಅಲ್ವಾ! ಆದರೆ ಆ ಕಾಡು ವನ್ಯಜೀವಿ ಧಾಮ. ಸುಮ್ನೆ ಹೋಗಿ ಎಲ್ಲಿ ಬೇಕೋ ಅಲ್ಲಿ ಟೆಂಟ್ ಹೊಡೆಯುವಂತಿಲ್ಲ. ಫೋನ್ ಮಾಡಿ ಕೇಳಿದೆ. ವ್ಯಾನ್ ಒಳಗೆ ಮಲಗಬಹುದಾ ಅಂದರೆ ಒಬ್ಬರು ಹೂಂ ಅಂದರು, ಇನ್ನೊಬ್ಬರು ಊಹೂಂ ಅಂದರು.

ಬೀದರ್ ಕಡೆಯ ಕಾರಂಜಾ ಹಿನ್ನೀರನ್ನೂ ನೋಡಿ ಬಂದೆ. ನಾನು ನೋಡಿದ ಕಡೆ ಪೂರ್ತಿ ಬಯಲು, ಗಾಳಿಗೆ ಅಡ್ಡ ಒಂದು ಮರವೂ ಇಲ್ಲ. ನೀರು ಇಳಿದ ಜಾಗದಲ್ಲಿ ಕಪ್ಪು ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿದೆ, ಕಾಲಿಟ್ಟರೆ ಕೆಳಗೆ ಇನ್ನೂ ಮೆತ್ತಗೆ. ಚಕ್ರ ಹೂತರೆ ರಾತ್ರಿ ಎಳೆಯೋರು ಯಾರು? ಸ್ವಲ್ಪ ಮೇಲಕ್ಕೆ ಹೋದರೆ ನೆಲ ಕಲ್ಲಿನಷ್ಟು ಗಟ್ಟಿ. ಗೂಟ ಬೆರಳುದ್ದ ಇಳಿಯುವಷ್ಟರಲ್ಲೇ ಬಗ್ಗಿತು. ಹತ್ತಿರ ಶೌಚಾಲಯವೂ ಕಾಣಲಿಲ್ಲ. ಅವ್ವನಿಗೆ ಬೇರೆಲ್ಲಕ್ಕಿಂತ ಅದೇ ಮುಖ್ಯ.

ಚಂದ್ರಂಪಳ್ಳಿಯಲ್ಲಿ ಇತ್ತೀಚೆಗೆ ವ್ಯಾನ್ ಜೊತೆ ರಾತ್ರಿ ಉಳಿದವರು ಇದ್ದೀರಾ? ಅನುಮತಿ ಯಾರು ಕೊಟ್ಟರು, ಬರಹದಲ್ಲಿ ಕೊಟ್ಟರಾ? ಅದು ಆಗದಿದ್ದರೆ, ಕಾರಂಜಾ ಸುತ್ತ ಯಾವ ಊರಿನ ಕಡೆ ಗಟ್ಟಿ ನೆಲ, ನೆರಳು, ಶೌಚಾಲಯ ಮೂರೂ ಸಿಗುತ್ತವೆ?