ಸಹಾಯ ಬೇಕು: ಲಂಡನ್ನಲ್ಲಿ ವಿಕ್ಟೋರಿಯನ್ ಮನೆ ಎಕ್ಸ್‌ಟೆನ್ಷನ್ ಮಾಡಿಸಿರೋರು ಇದೀರಾ?

ಎಲ್ರಿಗೂ ನಮಸ್ಕಾರ. ನಮ್ದು 1890ರ ಸುಮಾರಿನ ಟೆರೇಸ್ ಮನೆ (ಅಕ್ಕಪಕ್ಕದ ಮನೆಗಳಿಗೆ ಅಂಟಿಕೊಂಡಿರೋ ಸಾಲುಮನೆ), ಅಡುಗೆಮನೆ ಪಕ್ಕ ಸೈಡ್ ರಿಟರ್ನ್ ಅಂತ ಕಿರಿದಾದ ಓಣಿ ಥರ ಜಾಗ ಇರತ್ತಲ್ಲ, ಅದನ್ನ ಒಳಗೆ ಸೇರಿಸ್ಕೊಂಡು ಮೇಲೆ ಗಾಜಿನ ಸೂರು ಹಾಕಿಸಿ ಅಡುಗೆ ಊಟ ಎಲ್ಲಾ ಒಂದೇ ಕಡೆ ಮಾಡೋಣ ಅಂತ. ಮುಂದಿನ ಬೇ ವಿಂಡೋ (ಗೋಡೆಯಿಂದ ಹೊರಗೆ ಚಾಚಿರೋ ಕಿಟಕಿ), ಬಾಗಿಲಿನ ಬಣ್ಣದ ಗಾಜು ಏನೂ ಮುಟ್ಟಲ್ಲ, ಹಿಂದೆ ಕಟ್ಟೋದು ಮಾತ್ರ ಪೂರ್ತಿ ಈ ಕಾಲದ್ದೇ ಇರ್ಲಿ, ಹಳೇದರ ನಕಲು ಬೇಡ.

ನಮ್ಮನೆ ಇರೋದು ಕನ್ಸರ್ವೇಶನ್ ಏರಿಯಾ, ಅಂದ್ರೆ ಹಳೇ ರೂಪ ಕಾಪಾಡೋ ಪ್ರದೇಶ, ಆದ್ರಿಂದ ಇದಕ್ಕೆ ಪ್ಲಾನಿಂಗ್ ಪರ್ಮಿಷನ್ ಬೇಕೇ ಬೇಕು, 1996ರ ಪಾರ್ಟಿ ವಾಲ್ ಆಕ್ಟ್ (ಎರಡು ಮನೆ ನಡುವಿನ ಗೋಡೆ ಬಗ್ಗೆ ಇರೋ ಕಾಯ್ದೆ) ಪ್ರಕಾರ ಪಕ್ಕದ ಮನೆಯವ್ರಿಗೆ ನೋಟಿಸೂ ಕೊಡ್ಬೇಕು, ಅದೆಲ್ಲ ಸರಿ. ತಲೆಬಿಸಿ ಇರೋದು ಗೋಡೆದು. 9 ಇಂಚಿನ ಇಟ್ಟಿಗೆ, ಕ್ಯಾವಿಟಿ (ಗೋಡೆ ಮಧ್ಯೆ ಬಿಡೋ ಖಾಲಿ ಜಾಗ) ಇಲ್ಲ, ಸುಣ್ಣದ ಗಾರೆ. ಹಿಂದೆ ಯಾರೋ ಹೊರಗಡೆ ಇಟ್ಟಿಗೆ ಸಂದಿಗೆ ಸಿಮೆಂಟ್ ತುಂಬ್ಸಿ ಪಾಯಿಂಟಿಂಗ್ ಮಾಡ್ಸಿದಾರೆ, ತೇವ ಹೊರಗೆ ಹೋಗಕ್ಕಾಗ್ದೆ ಇಟ್ಟಿಗೆ ಮುಖ ಪದರಪದರವಾಗಿ ಉದುರ್ತಿದೆ, ಬೆರಳಲ್ಲಿ ಒತ್ತಿದ್ರೆ ಕೆಂಪು ಪುಡಿ. ಬಿಲ್ಡರ್ ಒಳಗಿಂದ ಬೋರ್ಡ್ ಬಡಿದು ಮುಚ್ಚೋಣ ಅಂತಾರೆ, ನಂಗೆ ಸುತರಾಂ ಒಪ್ಪಿಗೆ ಇಲ್ಲ, ತೇವ ಒಳಗೇ ಉಳಿಯತ್ತೆ.

ಸುಣ್ಣದ ಗಾರೆ ಕೆಲ್ಸ ಬರೋರು, ಹಳೇ ಮನೆಗೆ ಸ್ಟೀಲ್ ಬೀಮ್ ಕೂರಿಸಿರೋ ಸ್ಟ್ರಕ್ಚರಲ್ ಇಂಜಿನಿಯರ್ ಗೊತ್ತಿದ್ರೆ ದಯವಿಟ್ಟು ಮೆಸೇಜ್ ಮಾಡಿ. ಗಾಜಿನ ಸೂರು ಹಾಕ್ಸಿರೋರೇ, ಬೇಸಿಗೇಲಿ ಅದರ ಕೆಳಗೆ ಕೂರಕ್ಕಾಗತ್ತಾ?