ಬಿಲ್ 200 ಯೂನಿಟ್ ದಾಟಿದೆ: ತಪ್ಪು ಲ್ಯಾಪ್‌ಟಾಪಿನದೇ?

ಹೇಮಾವತಿ ದಂಡೆ, ಸಕಲೇಶಪುರ

ಮಗಳೂ ಅಳಿಯನೂ ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಬಂದು ಇಲ್ಲಿಂದಲೇ ಕಂಪನಿ ಕೆಲಸ ಮಾಡುತ್ತಿದ್ದಾರೆ. ಎರಡು ಲ್ಯಾಪ್‌ಟಾಪ್, ಒಂದು ದೊಡ್ಡ ಮಾನಿಟರ್, ಮೊಬೈಲ್‌ಗಳು, ಹಗಲೂ ರಾತ್ರಿ ಉರಿಯುವ ವೈಫೈ ರೂಟರ್. ಅವರು ಬಂದ ಮೇಲೆ ಬಿಲ್ 200 ಯೂನಿಟ್ ದಾಟಿದೆ. ಗೃಹಜ್ಯೋತಿಯಲ್ಲಿ 200ರ ಒಳಗಿದ್ದರೆ ನಮಗೆ ನಿಗದಿಯಾದ ಸರಾಸರಿಗಿಂತ ಹೆಚ್ಚು ಬಳಸಿದಷ್ಟಕ್ಕೆ ಮಾತ್ರ ಹಣ ಕಟ್ಟಬೇಕು. ದಾಟಿದರೆ ಪೂರ್ತಿ ಬಿಲ್ ನಮ್ಮ ತಲೆಯ ಮೇಲೆ. ಯಜಮಾನರು ಹೋದಲ್ಲೆಲ್ಲ ಚಾರ್ಜರ್ ಕೀಳುತ್ತಾರೆ, ಮಗಳು ಹಿಂದೆಯೇ ಬಂದು ಮತ್ತೆ ಸಿಕ್ಕಿಸುತ್ತಾಳೆ. ಚಾರ್ಜರ್ ಸುಮ್ಮನೆ ಗೋಡೆಯಲ್ಲಿದ್ದರೆ ಅಷ್ಟೊಂದು ಕರೆಂಟು ತಿನ್ನುತ್ತದೆಯೇ? ಲ್ಯಾಪ್‌ಟಾಪನ್ನು ದಿನವಿಡೀ ಚಾರ್ಜಿಗೆ ಹಾಕಿಯೇ ಇಟ್ಟರೆ ಬ್ಯಾಟರಿ ಹಾಳಾಗುತ್ತದೆಯೇ? ತಿಳಿದವರು ಹೇಳಿ.

ಮೇಷ್ಟ್ರು, ಅರಸೀಕೆರೆ

ಯಜಮಾನರು ಮಾಡುತ್ತಿರುವುದು ಸರಿಯಾಗಿದೆ. ಬಳಸದ ವಸ್ತುವಿಗೆ ವಿದ್ಯುತ್ ಏಕೆ? ಹನಿ ಹನಿ ಕೂಡಿದರೆ ಹಳ್ಳ. ಬ್ಯಾಟರಿಯ ವಿಷಯದಲ್ಲಿ ನನ್ನ ಪದ್ಧತಿ: ಪೂರ್ತಿ ತುಂಬಿಸುವುದು, ಚಾರ್ಜರ್ ತೆಗೆಯುವುದು, ಪೂರ್ತಿ ಇಳಿಯುವ ತನಕ ಬಳಸಿ ಮತ್ತೆ ತುಂಬಿಸುವುದು. ಅರ್ಧಂಬರ್ಧ ತುಂಬಿಸಿದರೆ ಬ್ಯಾಟರಿ ಕೆಡುತ್ತದೆ.

ಬ್ಯಾಟರಿ ಓದು, ಚಿಕ್ಕಮಗಳೂರು

ಅಕ್ಕ, ಮೊದಲು ಬಿಲ್ಲಿನ ಲೆಕ್ಕ. ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ 65 ವ್ಯಾಟ್ ಎಂದಿದ್ದರೂ ಅದು ಗರಿಷ್ಠ ಮಿತಿ ಮಾತ್ರ. ಮಿಂಚಂಚೆ, ದಾಖಲೆ, ವಿಡಿಯೊ ಸಭೆಗಳಂಥ ಕೆಲಸದಲ್ಲಿ ಸರಾಸರಿ 25 ವ್ಯಾಟ್ ಎಂದು ಹಿಡಿಯಿರಿ. ದಿನಕ್ಕೆ 9 ಗಂಟೆ, ತಿಂಗಳಿಗೆ 26 ದಿನವಾದರೆ ಒಂದಕ್ಕೆ ಸುಮಾರು 6 ಯೂನಿಟ್, ಎರಡಕ್ಕೆ 12. ಮಾನಿಟರಿಗೆ ಇನ್ನೊಂದು 6. ಮೊಬೈಲ್ ಬ್ಯಾಟರಿ 5000 ಮಿಲಿಆಂಪ್ ಗಂಟೆಯದಾದರೆ ಅದರಲ್ಲಿ ಹಿಡಿಯುವುದು 19 ವ್ಯಾಟ್ ಗಂಟೆ ಮಾತ್ರ. ಪ್ರತಿದಿನ ಪೂರ್ತಿ ತುಂಬಿಸಿದರೂ, ನಷ್ಟ ಸೇರಿಸಿದರೂ, ತಿಂಗಳಿಗೆ ಒಂದು ಯೂನಿಟ್ ಮುಟ್ಟುವುದಿಲ್ಲ.

ರೂಟರ್ ಮಾತ್ರ ಗಮನಿಸಿ. ಅದು 10 ವ್ಯಾಟಿನ ಪುಟ್ಟ ಪೆಟ್ಟಿಗೆ, ಆದರೆ 24 ಗಂಟೆಯೂ ಉರಿಯುವುದರಿಂದ ತಿಂಗಳಿಗೆ 7 ಯೂನಿಟ್. ಅಂದರೆ ಒಂದು ಲ್ಯಾಪ್‌ಟಾಪಿಗಿಂತ ಹೆಚ್ಚು! ಟಿವಿಯ ಸೆಟ್‌ಟಾಪ್ ಬಾಕ್ಸನ್ನು ರಿಮೋಟಿನಲ್ಲಷ್ಟೇ ಆರಿಸಿದರೆ ಬಹಳಷ್ಟು ಬಾಕ್ಸ್‌ಗಳು ಹೆಚ್ಚುಕಡಿಮೆ ಅಷ್ಟನ್ನೇ ಎಳೆಯುತ್ತಿರುತ್ತವೆ. ಏನೂ ಜೋಡಿಸದ ಖಾಲಿ ಚಾರ್ಜರ್ ಎಳೆಯುವುದು 0.1ರಿಂದ 0.3 ವ್ಯಾಟ್. ತಿಂಗಳಿಡೀ ಗೋಡೆಯಲ್ಲಿದ್ದರೆ ಹೆಚ್ಚೆಂದರೆ ಕಾಲು ಯೂನಿಟ್. ಎಲ್ಲ ಸೇರಿಸಿದರೂ ಮಕ್ಕಳ ಕಚೇರಿ ಕೆಲಸಕ್ಕೆ 30 ಯೂನಿಟ್ ಆಗುವುದಿಲ್ಲ. ಇಬ್ಬರು ಹೆಚ್ಚಾದ ಮೇಲೆ ಸ್ನಾನದ ನೀರು ಯಾವುದರಲ್ಲಿ ಕಾಯುತ್ತಿದೆ?

ಮೇಷ್ಟ್ರೇ, ಪೂರ್ತಿ ಇಳಿಸಿ ತುಂಬಿಸುವ ನಿಯಮ ನಿಕಲ್–ಕ್ಯಾಡ್ಮಿಯಂ ಬ್ಯಾಟರಿಯ ಕಾಲದ್ದು. ಸೋನಿ ಕಂಪನಿ 1991ರಲ್ಲಿ ಲೀಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು, ಈಗಿನ ಲ್ಯಾಪ್‌ಟಾಪ್, ಮೊಬೈಲ್ ಎರಡರಲ್ಲೂ ಇರುವುದು ಅದೇ. ಅದಕ್ಕೆ ಪೂರ್ತಿ ಇಳಿಯುವುದು ಶಿಕ್ಷೆ, ಪೂರ್ತಿ ತುಂಬಿ ಬಿಸಿಯಲ್ಲಿ ಕೂರುವುದು ಇನ್ನೂ ದೊಡ್ಡ ಶಿಕ್ಷೆ. ಪೂರ್ತಿ ತುಂಬಿದಾಗ ಒಂದು ಕೋಶದ ವೋಲ್ಟೇಜ್ 4.2ಕ್ಕೆ ಏರಿರುತ್ತದೆ. ಆ ಒತ್ತಡದಲ್ಲಿ, ಅದೂ ಬಿಸಿ ಇದ್ದಾಗ, ಒಳಗಿನ ರಾಸಾಯನಿಕಗಳು ಬೇಗ ಸವೆಯುತ್ತವೆ. ಮೇಜಿನ ಮೇಲೇ ಇರುವ ಲ್ಯಾಪ್‌ಟಾಪಿಗೆ, ಚಾರ್ಜ್ 80% ಆದಾಗ ತಾನೇ ನಿಲ್ಲುವಂತೆ ಮಿತಿ ಹಾಕಿ. ಲೆನೊವೊ, ಆಸುಸ್, ಡೆಲ್ ಕಂಪನಿಗಳ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಸೌಲಭ್ಯ ಇದೆ. ಮಿತಿ ಹಾಕಿದ ಮೇಲೆ ಚಾರ್ಜರ್ ಸದಾ ಸಿಕ್ಕಿಕೊಂಡೇ ಇದ್ದರೂ ಚಿಂತೆಯಿಲ್ಲ.

ಕೊಟ್ಟಿಗೆಹಾರದ ಮಳೆ, ಮೂಡಿಗೆರೆ ತಾಲ್ಲೂಕು

ಈ 80% ಉಪದೇಶ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕರೆಂಟು ಹೋದರೆ ಅರ್ಧ ಗಂಟೆಯಲ್ಲಿ ಬರುವ ಊರಿನವರು ಬರೆದ ನಿಯಮ ಅದು. ಜುಲೈ ತಿಂಗಳಲ್ಲಿ ಚಾರ್ಮಾಡಿ ಘಾಟಿಯ ಕಡೆಯಿಂದ ಗಾಳಿ ಎದ್ದು, ತೋಟದ ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದು, ಲೈನ್‌ಮನ್‌ಗಳು ನೆನೆಯುತ್ತ ಒಂದೊಂದೇ ಕಂಬ ಸರಿ ಮಾಡಿಕೊಂಡು ನಮ್ಮ ತನಕ ಬರುವಷ್ಟರಲ್ಲಿ ದಿನಗಳೇ ಕಳೆಯುತ್ತವೆ. ಅಂಥ ಹೊತ್ತಿನಲ್ಲಿ 50 ವ್ಯಾಟ್ ಗಂಟೆಯ ಬ್ಯಾಟರಿಯಲ್ಲಿ ಐದನೇ ಒಂದು ಭಾಗ ಖಾಲಿ ಬಿಟ್ಟಿದ್ದರೆ ಸುಮಾರು ಅರ್ಧ ಗಂಟೆಯ ಸಭೆ ಕೈಬಿಟ್ಟಂತೆ. ಎರಡು ವರ್ಷ ಹೆಚ್ಚು ಬಾಳುವ ಬ್ಯಾಟರಿಯಿಂದ ನನಗೆ ಆಗಬೇಕಾದ್ದೇನೂ ಇಲ್ಲ, ಕೆಲಸ ಉಳಿದರೆ ಸಾಕು.

ತಂತಿ ಕೆಲಸದವನು, ಹಾಸನ

ಹೇಮಾವತಿ ಅಕ್ಕ, ಯಾರ ಮಾತನ್ನೂ ನಂಬಬೇಡಿ, ಮೀಟರನ್ನೇ ಕೇಳಿ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟಿಗೆ ಎಷ್ಟು ಮಿನುಗು ಎಂದು ಮೀಟರಿನ ಮುಖದ ಮೇಲೆಯೇ ಮುದ್ರಿಸಿರುತ್ತಾರೆ, ಅನೇಕ ಮೀಟರುಗಳಲ್ಲಿ 3200. ಮನೆಯ ಉಳಿದದ್ದೆಲ್ಲ ಆರಿಸಿ ಒಂದೊಂದೇ ವಸ್ತು ಹಾಕಿ ನೋಡಿ. 3200ರ ಮೀಟರಿನಲ್ಲಿ 25 ವ್ಯಾಟಿನ ಲ್ಯಾಪ್‌ಟಾಪ್ ಮಾತ್ರ ಇದ್ದರೆ ಎರಡು ಮಿನುಗುಗಳ ನಡುವೆ 45 ಸೆಕೆಂಡು ಕಾಯಬೇಕು. ಎರಡು ಸಾವಿರ ವ್ಯಾಟಿನ ಗೀಸರ್ ಹಾಕಿದರೆ ಸೆಕೆಂಡಿಗೆ ಹತ್ತಿರಹತ್ತಿರ ಎರಡು ಸಲ ಮಿನುಗುತ್ತದೆ. ಯಜಮಾನರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ತೋರಿಸಿ.

ಒಂದು ಗೀಸರ್ ದಿನಕ್ಕೆ ಒಂದು ಗಂಟೆ ಪೂರ್ತಿ ಕಾದರೆ ತಿಂಗಳಿಗೆ 60 ಯೂನಿಟ್. ಮೂರು ಚಾರ್ಜರನ್ನು ವರ್ಷವಿಡೀ ಕಿತ್ತಿಟ್ಟರೂ ಅದರ ಹತ್ತಿರಕ್ಕೂ ಬರುವುದಿಲ್ಲ.

ಮೇಷ್ಟ್ರು, ಅರಸೀಕೆರೆ

ಒಂದು ಮನೆಯ ಲೆಕ್ಕ ಹೇಳಿದಿರಿ, ಒಪ್ಪುತ್ತೇನೆ. ಶಾಲೆಯ ಲೆಕ್ಕವನ್ನೂ ಕೇಳಿ. ಇಪ್ಪತ್ತು ಡೆಸ್ಕ್‌ಟಾಪ್ ಇರುವ ಪ್ರಯೋಗಾಲಯದಲ್ಲಿ ಸಂಜೆ ಕಂಪ್ಯೂಟರ್ ಆರಿಸಿ, ಗೋಡೆಯ ಸ್ವಿಚ್ ಹಾಗೆಯೇ ಬಿಟ್ಟು ಬೀಗ ಹಾಕುತ್ತಾರೆ. ಮಾನಿಟರ್ ಸೇರಿ ಒಂದೊಂದು 5 ವ್ಯಾಟ್ ಎಳೆದರೂ ಒಟ್ಟು 100 ವ್ಯಾಟ್. ರಾತ್ರಿಯ 15 ಗಂಟೆಗಳ ಲೆಕ್ಕದಲ್ಲಿ ತಿಂಗಳಿಗೆ 45 ಯೂನಿಟ್, ಯಾರಿಗೂ ಉಪಯೋಗವಿಲ್ಲದೆ! ಯುಪಿಎಸ್‌ಗಳು ಎಳೆಯುವುದು ಬೇರೆ. ಶಾಲೆಗೆ ಗೃಹಜ್ಯೋತಿ ಇಲ್ಲ. ಸ್ವಿಚ್ ಆರಿಸುವ ಅಭ್ಯಾಸ ಮನೆಯಲ್ಲಿ ಬಾರದಿದ್ದರೆ ಶಾಲೆಯಲ್ಲಿ, ಕಚೇರಿಯಲ್ಲಿ ಬರುವುದಿಲ್ಲ. ಅದಕ್ಕೇ ನಾನು ಯಜಮಾನರ ಪರ.

ಬ್ಯಾಟರಿ ಓದು, ಚಿಕ್ಕಮಗಳೂರು

ಶಾಲೆಯ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಪೂರ್ಣ ಬೆಂಬಲವಿದೆ, ಮೇಷ್ಟ್ರೇ. ಆದರೆ ಅಲ್ಲಿ ಆರಿಸಬೇಕಾದದ್ದು ಸಾಲಿನ ಮುಖ್ಯ ಸ್ವಿಚ್. ಮಕ್ಕಳಿಗೆ ಒಂದೊಂದೇ ಚಾರ್ಜರ್ ಕೀಳಲು ಕಲಿಸಿ, ಬಿಸಿನೀರಿನ ಗೀಸರನ್ನು ಮರೆತರೆ ಅವರಿಗೆ ಅಳತೆಯ ಅಂದಾಜೇ ಬರುವುದಿಲ್ಲ.

ಕೊಟ್ಟಿಗೆಹಾರದವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ನಾನು ಹೇಳುವುದು ವರ್ಷವಿಡೀ ಒಂದೇ ನಿಯಮ ಬೇಡ ಎಂದು. ಹಾಸನದಲ್ಲಿರುವ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ 1982ರಿಂದ ನಮ್ಮ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆಯಲ್ಲ, ಅಂಥ ಉಪಗ್ರಹಗಳು ಭೂಮಿಯ ನೆರಳಿಗೆ ಬರುವುದು ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸಿನ ಕೆಲವು ವಾರ ಮಾತ್ರ, ದಿನಕ್ಕೆ ಹೆಚ್ಚೆಂದರೆ 72 ನಿಮಿಷ. ಆಗ ಬ್ಯಾಟರಿಯೇ ಆಧಾರ, ಆದ್ದರಿಂದ ಪೂರ್ತಿ ತುಂಬಿರಬೇಕು. ಲೀಥಿಯಂ ಬ್ಯಾಟರಿಯ ಉಪಗ್ರಹಗಳಲ್ಲಿ ಉಳಿದ ತಿಂಗಳುಗಳಲ್ಲಿ ಆ ಮಟ್ಟವನ್ನು ಇಳಿಸಿ ಇಡುವುದು ರೂಢಿ. ನಮಗೂ ಅದೇ ದಾರಿ ಸಾಕು: ಜೂನ್‌ನಿಂದ ಸೆಪ್ಟೆಂಬರ್ ತನಕ 100%, ಮಳೆ ನಿಂತ ಮೇಲೆ 80%. ಮಳೆಗಾಲದಲ್ಲಿ ಚಳಿಯೂ ಇರುವುದರಿಂದ ಪೂರ್ತಿ ತುಂಬಿಟ್ಟರೂ ಆಗುವ ಹಾನಿ ಕಡಿಮೆ. ಲ್ಯಾಪ್‌ಟಾಪನ್ನು ಕಂಬಳಿಯ ಮೇಲಿಟ್ಟು ಗಾಳಿಯ ಕಿಂಡಿ ಮುಚ್ಚಬೇಡಿ, ಅಷ್ಟೇ.

ಕೊಟ್ಟಿಗೆಹಾರದ ಮಳೆ, ಮೂಡಿಗೆರೆ ತಾಲ್ಲೂಕು

ಏಪ್ರಿಲ್–ಮೇ ತಿಂಗಳ ಗುಡುಗುಮಳೆಯನ್ನು ಮರೆತಿರಲ್ಲ. ಆಗಲೂ ಕರೆಂಟು ಹೋಗುತ್ತದೆ, ಅದೂ ಮಧ್ಯಾಹ್ನದ ಮೇಲೆ, ಸರಿಯಾಗಿ ಸಭೆಯ ಹೊತ್ತಿಗೆ. ನನ್ನ ಮಟ್ಟಿಗೆ 80% ಇರುವುದು ನವೆಂಬರಿನಿಂದ ಮಾರ್ಚ್ ತನಕ ಮಾತ್ರ.

ತಂತಿ ಕೆಲಸದವನು, ಹಾಸನ

ಗುಡುಗಿನ ಮಾತು ಬಂದದ್ದು ಒಳ್ಳೆಯದಾಯಿತು. ಯಜಮಾನರು ಚಾರ್ಜರ್ ಕೀಳುವ ಅಭ್ಯಾಸಕ್ಕೆ ನಿಜವಾದ ಬೆಲೆ ಇರುವುದು ಇಲ್ಲಿ. ಬಿಲ್ ಉಳಿಯುತ್ತದೆಯೋ ಇಲ್ಲವೋ, ಸಿಡಿಲಿನಿಂದ ಯಂತ್ರ ಉಳಿಯುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಏಕೆಂದರೆ ನಮ್ಮ ಬೋರ್ಡಿನ ಸ್ವಿಚ್ ಫೇಸ್ ತಂತಿಯನ್ನು ಮಾತ್ರ ತುಂಡರಿಸುತ್ತದೆ. ನ್ಯೂಟ್ರಲ್ ಮತ್ತು ಅರ್ಥ್ ಜೋಡಣೆಯಲ್ಲೇ ಇರುತ್ತವೆ, ಸಿಡಿಲಿನ ಏರುಪೇರು ಆ ದಾರಿಯಲ್ಲೂ ನುಗ್ಗುತ್ತದೆ. ಗುಡುಗು ದೂರದಲ್ಲಿ ಕೇಳಿಸಿದಾಗಲೇ ಪ್ಲಗ್ ಹೊರಗೆ ಎಳೆಯಬೇಕು. ತಲೆಯ ಮೇಲೆ ಬಂದ ಮೇಲೆ ಪ್ಲಗ್ ಮುಟ್ಟಲು ಹೋಗಬೇಡಿ, ಅದು ಜೀವಕ್ಕೆ ಅಪಾಯ. ಇಂಟರ್ನೆಟ್ ತಾಮ್ರದ ತಂತಿಯಲ್ಲಿ ಬರುತ್ತಿದ್ದರೆ ಅದನ್ನೂ ರೂಟರಿನಿಂದ ಬಿಡಿಸಿ. ಫೈಬರ್ ಎಳೆ ಗಾಜು, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಸರ್ಜ್ ತಡೆಯುವ ಎಕ್ಸ್‌ಟೆನ್ಶನ್ ಪೆಟ್ಟಿಗೆ ಸಣ್ಣಪುಟ್ಟ ಏರಿಕೆಯನ್ನು ತಾಳಿಕೊಳ್ಳುತ್ತದೆ, ಹತ್ತಿರದ ಸಿಡಿಲನ್ನಲ್ಲ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಅದರಿಂದ ಅಷ್ಟೂ ಪ್ರಯೋಜನವಿಲ್ಲ.

ಚಾರ್ಜಿಗೆ ಹಾಕಿದಾಗ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಯೇ? ಮೂರು ಕಡ್ಡಿಯ ಪ್ಲಗ್ ಇದ್ದೂ ಹಾಗಾದರೆ ನಿಮ್ಮ ಅರ್ಥಿಂಗ್ ಕೆಲಸ ಮಾಡುತ್ತಿಲ್ಲ ಎಂದೇ ಹಿಡಿಯಿರಿ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥ್ ಗುಂಡಿಗೆ ನೀರು ಹಾಕಬೇಕು. ಕಾಫಿ ಗಿಡಕ್ಕೆ ನೀರು ಹಾಯಿಸುವವರು ಈ ಗುಂಡಿಯನ್ನು ಮರೆಯುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ತೊರೆಯ ನೀರು, ಕಳಸ

ನಮ್ಮ ಕಡೆಯ ಲೆಕ್ಕವೇ ಬೇರೆ. ತೋಟದ ಮೇಲಿನ ತೊರೆಯಿಂದ ಪೈಪಿನಲ್ಲಿ ನೀರು ಇಳಿಸಿ, ಸಣ್ಣ ಟರ್ಬೈನ್ ತಿರುಗಿಸಿ, ಸುಮಾರು ಒಂದು ಕಿಲೋವ್ಯಾಟ್ ಪಡೆಯುತ್ತೇವೆ. ನೀರು ಇರುವ ತನಕ ಯಂತ್ರ ಹಗಲೂ ರಾತ್ರಿ ತಿರುಗುತ್ತಲೇ ಇರುತ್ತದೆ. ಮನೆಯಲ್ಲಿ ಬಳಸದೆ ಉಳಿದ ವಿದ್ಯುತ್ತನ್ನು ನಿಯಂತ್ರಕವು ಹೀಟರ್ ಸುರುಳಿಗೆ ಕೊಟ್ಟು ಸುಟ್ಟುಹಾಕುತ್ತದೆ, ಇಲ್ಲದಿದ್ದರೆ ಟರ್ಬೈನ್ ವೇಗ ಮೀರಿ ವೋಲ್ಟೇಜ್ ಏರಿಬಿಡುತ್ತದೆ. ಹಾಗಾಗಿ ಮಳೆಗಾಲದಲ್ಲಿ ಚಾರ್ಜರ್ ಕಿತ್ತಿಟ್ಟು ನಾವು ಉಳಿಸುವುದು ಸೊನ್ನೆ. ಲ್ಯಾಪ್‌ಟಾಪ್, ಮೊಬೈಲ್, ಪವರ್ ಬ್ಯಾಂಕ್, ಟಾರ್ಚ್ ಎಲ್ಲವನ್ನೂ ಹಾಕಿಯೇ ಇಡುತ್ತೇವೆ. ಬೇಸಿಗೆಯಲ್ಲಿ ತೊರೆ ಸೊರಗಿದಾಗ ಸೋಲಾರ್. ಆಗ ಚಾರ್ಜಿಂಗ್ ಎಲ್ಲ ಹಗಲಿನಲ್ಲೇ ಮುಗಿಯಬೇಕು, ರಾತ್ರಿ ಬ್ಯಾಟರಿಯಿಂದ ಬ್ಯಾಟರಿಗೆ ತುಂಬಿಸುವುದು ದಂಡ.

ಟರ್ಬೈನಿನ ವೋಲ್ಟೇಜ್ ಕುಣಿದರೆ ಫ್ರಿಜ್ಜಿಗೆ ಕಷ್ಟ, ಲ್ಯಾಪ್‌ಟಾಪಿಗೆ ಅಷ್ಟಿಲ್ಲ. ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುವುದನ್ನು ನೋಡಿ. ವೋಲ್ಟೇಜ್ ಇಳಿದಾಗ ಅದಕ್ಕೆ ಸ್ಟೆಬಿಲೈಸರ್ ಬೇಕಿಲ್ಲ, ಏರಿದಾಗ ಮಾತ್ರ ಭಯ.

ಬ್ಯಾಟರಿ ಓದು, ಚಿಕ್ಕಮಗಳೂರು

ಬ್ಯಾಟರಿಯಿಂದ ಬ್ಯಾಟರಿಗೆ ಎಂದಿರಲ್ಲ, ಇನ್ವರ್ಟರ್ ಇರುವ ಮನೆಗಳಲ್ಲಿ ನಡೆಯುವುದು ಅದೇ. 12 ವೋಲ್ಟಿನ ಬ್ಯಾಟರಿ, ಅದರಿಂದ 230 ವೋಲ್ಟ್, ಮತ್ತೆ ಚಾರ್ಜರಿನಲ್ಲಿ 19 ವೋಲ್ಟ್. ಪ್ರತಿ ಹೆಜ್ಜೆಯಲ್ಲೂ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಇನ್ವರ್ಟರಿನಿಂದ ಒಂದು ಯೂನಿಟ್ ಪಡೆಯಲು ಮೊದಲು ಸುಮಾರು ಒಂದೂವರೆ ಯೂನಿಟ್ ತುಂಬಿಸಿರಬೇಕು. ಕರೆಂಟು ಇದ್ದಾಗಲೂ ಬ್ಯಾಟರಿಯನ್ನು ತುಂಬಿದ ಸ್ಥಿತಿಯಲ್ಲಿ ಉಳಿಸಲು ಅದು 10–15 ವ್ಯಾಟ್ ಎಳೆಯುತ್ತಿರುತ್ತದೆ. ಹಾಗೆಂದು ಇನ್ವರ್ಟರ್ ಆರಿಸಿ ಬ್ಯಾಟರಿಯನ್ನು ಅರ್ಧಕ್ಕೆ ಬಿಡಬೇಡಿ. ಅದು ಸೀಸ–ಆಮ್ಲದ ಬ್ಯಾಟರಿ, ಸ್ವಭಾವದಲ್ಲಿ ಲೀಥಿಯಮ್ಮಿಗೆ ತದ್ವಿರುದ್ಧ. ಸದಾ ತುಂಬಿರಬೇಕು, ಇಳಿದ ಸ್ಥಿತಿಯಲ್ಲಿ ಬಿಟ್ಟರೆ ತಟ್ಟೆಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಶಕ್ತಿ ಕುಂದುತ್ತದೆ. ಒಂದೇ ಮನೆಯಲ್ಲಿ ಎರಡು ಜಾತಿಯ ಬ್ಯಾಟರಿ ಇರುವುದರಿಂದಲೇ ಒಬ್ಬರ ಅನುಭವ ಇನ್ನೊಬ್ಬರದಕ್ಕೆ ಹೊಂದುತ್ತಿಲ್ಲ.

ಕೊಟ್ಟಿಗೆಹಾರದ ಮಳೆ, ಮೂಡಿಗೆರೆ ತಾಲ್ಲೂಕು

ಅದಕ್ಕೇ ನಾನು ಟೈಪ್–ಸಿ ಮೂಲಕ ಲ್ಯಾಪ್‌ಟಾಪ್ ತುಂಬಿಸುವ ಪವರ್ ಬ್ಯಾಂಕ್ ಇಟ್ಟುಕೊಂಡಿದ್ದೇನೆ. 20,000 ಮಿಲಿಆಂಪ್ ಗಂಟೆಯದು ಅಂದರೆ 74 ವ್ಯಾಟ್ ಗಂಟೆ, ನಷ್ಟ ಕಳೆದು ಲ್ಯಾಪ್‌ಟಾಪನ್ನು ಒಮ್ಮೆ ಪೂರ್ತಿ ತುಂಬಿಸುತ್ತದೆ. ಇನ್ವರ್ಟರ್ ದೀಪಕ್ಕೂ ಫ್ಯಾನಿಗೂ ಇರಲಿ.

ತಂತಿ ಕೆಲಸದವನು, ಹಾಸನ

ಒಬ್ಬರಿಗಾದರೆ ಸರಿ. ಸತತ ಎರಡು ದಿನ ಕರೆಂಟು ಇಲ್ಲದ ಮನೆಯಲ್ಲಿ ಆ ಪವರ್ ಬ್ಯಾಂಕನ್ನು ಮತ್ತೆ ಎಲ್ಲಿಂದ ತುಂಬಿಸುತ್ತೀರಿ? 150 ಆಂಪ್ ಗಂಟೆಯ ಇನ್ವರ್ಟರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್ ಗಂಟೆ ಇದೆ. ನಷ್ಟ ಎಷ್ಟೇ ಇರಲಿ, ಇಬ್ಬರು ಕೆಲಸ ಮಾಡುವ ಮನೆಗೆ ನಾನು ಅದನ್ನೇ ಹಾಕಿಸುತ್ತೇನೆ.

ಹೇಮಾವತಿ ದಂಡೆ, ಸಕಲೇಶಪುರ

ಎಲ್ಲರಿಗೂ ಧನ್ಯವಾದ. ಮೀಟರಿನ ಮುಂದೆ ಯಜಮಾನರೇ ಗಡಿಯಾರ ಹಿಡಿದು ನಿಂತರು. ನಮ್ಮದೂ 3200ರ ಮೀಟರೇ. ಲ್ಯಾಪ್‌ಟಾಪ್ ಒಂದೇ ಇದ್ದಾಗ ದೀಪ ಮತ್ತೆ ಮಿನುಗುವಷ್ಟರಲ್ಲಿ ಕಣ್ಣು ನೋಯುತ್ತದೆ. ಗೀಸರ್ ಹಾಕಿದ ಕೂಡಲೇ ಪಟಪಟ ಹೊಡೆದುಕೊಳ್ಳತೊಡಗಿತು. ಬಚ್ಚಲಿನ ಹಂಡೆ ಒಲೆ ಹಾಗೆಯೇ ಇದೆ, ತೋಟದಲ್ಲಿ ಸೌದೆಗೆ ಕೊರತೆಯಿಲ್ಲ. ಬೆಳಗಿನ ನೀರು ಅದರಲ್ಲೇ ಕಾಯಿಸುವುದೆಂದು ತೀರ್ಮಾನವಾಗಿದೆ. ಗುಡುಗು ಕೇಳಿದರೆ ಚಾರ್ಜರ್ ಕೀಳುವ ಅಧಿಕಾರ ಯಜಮಾನರಿಗೇ ಇರಲಿ ಎಂದು ಮಗಳೂ ಒಪ್ಪಿದ್ದಾಳೆ. ಇನ್ನೊಂದು ಮಾತು: ಕರೆಂಟು ಹೋದಾಗ ರೂಟರ್ ಒಂದಕ್ಕಾಗಿ ಸಣ್ಣ ಯುಪಿಎಸ್ ಸಿಗುತ್ತದಂತೆ, ತರಬಹುದೇ?

ತಂತಿ ಕೆಲಸದವನು, ಹಾಸನ

ತನ್ನಿ, ಅಕ್ಕ. ಅದು ನೇರವಾಗಿ ಡಿಸಿ ಕೊಡುವುದರಿಂದ ಇನ್ವರ್ಟರಿನಷ್ಟು ನಷ್ಟವಿಲ್ಲ. ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟ್ ಇದೆಯೇ, 9 ವೋಲ್ಟ್ ಇದೆಯೇ, ಎಷ್ಟು ಆಂಪ್ ಎಂದು ನೋಡಿ, ಪಿನ್ನಿನ ನಡುವೆ ಧನವೇ ಋಣವೇ ಎಂಬ ಚಿತ್ರವನ್ನೂ ಸೇರಿಸಿ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ಫೈಬರ್ ಸಂಪರ್ಕದ ಪೆಟ್ಟಿಗೆ ರೂಟರಿನಿಂದ ಬೇರೆಯಾಗಿದ್ದರೆ ಎರಡಕ್ಕೂ ಸಂಪರ್ಕ ಕೊಡುವ ಯುಪಿಎಸ್ ಬೇಕು.